ಸ್ವಂತ ಇಚ್ಛೆಯ ಅರ್ಜಿ

ತಣಿಸಂದ್ರದ ನಮ್ಮ ಶಾಲೆಯ ಗೇಟಿನ ಮೇಲೆ ‘ಹತ್ತನೇ ತರಗತಿಯಲ್ಲಿ ಸತತ ಆರು ವರ್ಷ ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರ್ ಇದೆ. ಅದರ ಗುಟ್ಟು ಕೇಳಿ. ಫೇಲಾಗಬಹುದಾದ ಮಕ್ಕಳನ್ನು ನಾವು ಪರೀಕ್ಷೆಗೇ ಕೂರಿಸುವುದಿಲ್ಲ. ಒಂಬತ್ತು ಮುಗಿದ ಕೂಡಲೇ ಟಿ.ಸಿ. ಕೊಟ್ಟು ಸಾಗಹಾಕುತ್ತೇವೆ. ನಾವೇ ಹೊರಗೆ ಹಾಕಿದೆವು ಎಂದು ಎಲ್ಲೂ ಕಾಣಬಾರದಲ್ಲ, ಅದಕ್ಕೆ ‘ಸ್ವಂತ ಇಚ್ಛೆಯಿಂದ ಶಾಲೆ ಬಿಡಿಸುತ್ತಿದ್ದೇವೆ’ ಎಂದು ತಂದೆತಾಯಿಯಿಂದಲೇ ಅರ್ಜಿ ಬರೆಸಿಕೊಳ್ಳಬೇಕು. ಬರೆಸಿಕೊಳ್ಳುವ ಘನಂದಾರಿ ಕೆಲಸ ಪ್ರಿನ್ಸಿಪಾಲ್ ಮಂಜುಶ್ರೀಯದು, ಅಂದರೆ ನನ್ನದು. ಮೂರು ವರ್ಷದಲ್ಲಿ ಹನ್ನೊಂದು ಅರ್ಜಿ ಬರೆಸಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕೆಲಸ ಬಿಟ್ಟು ಹೋಗಬಾರದೇ ಎನ್ನುತ್ತೀರಿ. ಹೇಗೆ ಹೋಗಲಿ? ಕೆಲಸಕ್ಕೆ ಸೇರಿದ ದಿನವೇ ನನ್ನ ಪದವಿ, ಬಿ.ಎಡ್. ಅಂಕಪಟ್ಟಿಗಳ ಒರಿಜಿನಲ್‌ಗಳೆಲ್ಲ ಶಾಲೆಯ ಮಾಲೀಕ ಅಶ್ವತ್ಥ್ ಅವರ ಬೀರು ಸೇರಿವೆ. ಅವಿಲ್ಲದೆ ಬೇರೆ ಯಾವ ಶಾಲೆ ನನ್ನನ್ನು ತೆಗೆದುಕೊಳ್ಳುತ್ತದೆ? ಎರಡು ಸಲ ಕೇಳಿದೆ. ‘ಸೇಫಾಗವೆ ಬಿಡಿ ಮೇಡಂ, ನಿಮ್ಮನೇಲಿ ಇಲಿ ಕಡಿದ್ರೆ?’ ಎಂದು ನಕ್ಕರು. ಮೈ ಉರಿದುಹೋಯಿತು. ಆದರೂ ನಾನೂ ನಕ್ಕೆ.

ಈ ಜೂನಿನಲ್ಲಿ ಸರದಿ ಲೈಬಾಳದು. ಗಣಿತದಲ್ಲಿ ನೂರಕ್ಕೆ ಹದಿನೆಂಟು ತೆಗೆದ ಹುಡುಗಿ.

‘ಇವಳು ಬ್ಯಾಡ,’ ಎಂದರು ಅಶ್ವತ್ಥ್.

‘ಇನ್ನೂ ಒಂದ್ ವರ್ಷ ಟೈಮಿದೆ ಸಾರ್. ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ.’

‘ಲೀಡರ್ ಆದೋರು ಇಂಗೆಲ್ಲ ಮೆತ್ತಗಾಗ್ಬಾರ್ದು ಮೇಡಂ. ಹೆಬ್ಬಾಳದ ಹೋಟ್ಲಲ್ಲಿ ಟ್ರೈನಿಂಗ್ ಕೊಡ್ಸಿದ್ದು ಯಾಕೆ?’

ಆ ತರಬೇತಿಯಲ್ಲಿ ಒಳ್ಳೆಯ ಶಾಲಾ ನಾಯಕರ ಗುಣಗಳನ್ನು ನಮ್ಮಿಂದಲೇ ಚಾರ್ಟಿನ ಮೇಲೆ ಬರೆಸಿದ್ದರು. ನಾನು ಮೊದಲು ಬರೆದದ್ದು ‘ಧೈರ್ಯ’. ಚಪ್ಪಾಳೆ ಬೇರೆ ಬಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನನಗಿಂತ ಉದಾಹರಣೆ ಬೇಕೇ?

ಲೈಬಾಳ ತಾಯಿ ಮಲ್ಕಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕರೆಸಿದೆ. ಮಗಳನ್ನೂ ಕರೆತಂದರು. ಇಲ್ಲಿ ಹತ್ತನೇ ತರಗತಿ ಬಲು ಕಷ್ಟ, ಬೇರೆ ಶಾಲೆಯಾದರೆ ಮಗುವಿಗೆ ಹಗುರ ಎಂದು ಹನ್ನೊಂದು ಸಲ ಹೇಳಿದ ಸುಳ್ಳನ್ನೇ ಹನ್ನೆರಡನೇ ಸಲ ಹೇಳಿದೆ.

‘ನೀವು ಹೇಳಿದ್ಮೇಲೆ ಸರೀನೇ ಇರ್ತದೆ ಮಿಸ್,’ ಎಂದರು ಮಲ್ಕಾ. ‘ನಂಗೆ ಕನ್ನಡ ಬರಿಯಕ್ಕೆ ಬರಲ್ಲ. ಇವಳೇ ಬರೀತಾಳೆ.’

ನಾನು ಹೇಳಿದೆ, ಲೈಬಾ ದುಂಡಗೆ ಬರೆದಳು: ‘ನನ್ನ ಮಗಳು ನಿಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಮುಗಿಸಿರುತ್ತಾಳೆ.’ ಮುಂದಿನ ಸಾಲು ಹೇಳಿದೆ: ‘ಸ್ವಂತ ಇಚ್ಛೆಯಿಂದ ಶಾಲೆ ಬಿಡಿಸುತ್ತಿದ್ದೇವೆ.’

ಲೈಬಾ ಪೆನ್ನು ಕೆಳಗಿಟ್ಟಳು. ‘ನಂಗೆ ಇಚ್ಛೆ ಇಲ್ಲ ಮಿಸ್.’

ತಾಯಿ ತೋಳು ಚಿವುಟಿ ಉರ್ದುವಿನಲ್ಲಿ ಗದರಿದರು. ಹುಡುಗಿ ಜಪ್ಪಯ್ಯ ಎಂದರೂ ಪೆನ್ನು ಮುಟ್ಟಲಿಲ್ಲ. ಗೋಡೆಯಾಚೆ ಅಶ್ವತ್ಥ್ ಕೆಮ್ಮಿದ್ದು ಕೇಳಿಸಿತು. ನಾನು ಹಾಳೆ ಎಳೆದುಕೊಂಡು ಉಳಿದದ್ದನ್ನು ನನ್ನ ಕೈಯಾರೆ ಬರೆದೆ. ಮಲ್ಕಾ ರುಜು ಹಾಕಿ, ‘ಬೇಜಾರ್ ಮಾಡ್ಕೋಬೇಡಿ ಮಿಸ್, ಇವಳು ಹಠಮಾರಿ’ ಎಂದು ನನ್ನನ್ನೇ ಸಮಾಧಾನ ಮಾಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಶ್ವತ್ಥ್ ಅರ್ಜಿಯನ್ನು ಓದಲೂ ಇಲ್ಲ, ಫೈಲಿಗೆ ಸೇರಿಸಿಬಿಟ್ಟರು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಲೈಬಾ ಹತ್ತನೇ ತರಗತಿಯ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಬೆನ್ನಿಗೆ ಬ್ಯಾಗು. ಮೊದಲ ಮಹಡಿಯಿಂದ ಅಶ್ವತ್ಥ್ ಅವಳನ್ನು ಆಚೆ ಕಳಿಸಿ ಎಂದು ನನಗೆ ಕೈಸನ್ನೆ ಮಾಡಿದರು.

ಹೋಗಿ ಅವಳ ಹಿಂದೆ ನಿಂತೆ. ಸುತ್ತ ನಾನೂರು ಮಕ್ಕಳು ಹಾಡುತ್ತಿದ್ದರು. 

‘ಅರ್ಜಿ ಕೊಟ್ಟಾಯ್ತಲ್ಲಮ್ಮ,’ ಎಂದೆ ಮೆಲ್ಲಗೆ.

ಅವಳು ತಿರುಗಲಿಲ್ಲ. ‘ನಾನು ಬರ್ದಿದ್ದು ಒಂದೇ ಸಾಲು ಮಿಸ್. ಸ್ಕೂಲ್ ಬಿಡೋದನ್ನ ಬರ್ದಿದ್ದು ನೀವು. ಬೇಕಾದ್ರೆ ನೀವೇ ಹೋಗಿ.’

ಹಾಡು ಮುಗಿಯಿತು. ಲೈಬಾ ಸಾಲಿನೊಂದಿಗೆ ತರಗತಿಯೊಳಗೆ ನಡೆದಳು. ಖಾಲಿ ಅಂಗಳದಲ್ಲಿ ನಾನೊಬ್ಬಳೇ ಉಳಿದೆ. ಮೇಲೆ ಅಶ್ವತ್ಥ್ ಇನ್ನೂ ಕೈಸನ್ನೆ ಮಾಡುತ್ತಲೇ ಇದ್ದರು.