ಅರ್ಧಕ್ಕೆ ತಿರುಗುವ ಸಾಲು

ಕಂಪ್ಲಿಯ ಅಕ್ಕಿ ಮಿಲ್ಲಿನ ವಿರೂಪಾಕ್ಷಪ್ಪನವರ ಹೆಂಡತಿ ಕೊಟ್ರಬಸಮ್ಮ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಕ್ಯಾನ್ಸರ್ ಎಂದು ಡಾಕ್ಟರು ಅವಳ ಎಡಗಡೆಯ ಎದೆ ತೆಗೆದಿದ್ದರು. ಅದನ್ನು ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಬೇರೆ. ಹೊಸಪೇಟೆಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋದವಳು ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ, ಕುಪ್ಪಸದೊಳಗೆ ಮಡಚಿಟ್ಟಿದ್ದ ಹಳೇ ಸೀರೆಯ ತುಂಡು ಜಾರಿ ತೊಟ್ಟಿಲಿಗೇ ಬಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳಂತೂ ಸೆರಗು ಬಾಯಿಗಿಟ್ಟು ನಕ್ಕಳು. ಅವಳ ನಗೆಗಿಷ್ಟು ಬೆಂಕಿ ಹಾಕ! ಅಂದಿನಿಂದ ಕೊಟ್ರಬಸಮ್ಮ ಮನೆಯೊಳಗೂ ಎರಡು ಭುಜ ಮುಚ್ಚಿ ಸೆರಗು ಹೊದ್ದೇ ಓಡಾಡುತ್ತಿದ್ದಳು.

ಈಗ ಸಂಡೂರಿನಲ್ಲಿ ತಂಗಿ ಅಕ್ಕನಾಗಮ್ಮನ ಮಗಳ ಮದುವೆ. ಇವಳೇ ಎತ್ತಿ ಆಡಿಸಿದ ಹುಡುಗಿ. "ನೀವು ಹೋಗಿಬರ್ರಿ, ನಾ ಒಲ್ಲೆ" ಎಂದು ಗಂಡನಿಗೆ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಮಗಳು ಸ್ಫೂರ್ತಿ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಹತ್ತಿ ದಾರದಲ್ಲಿ ಎದೆ ಹೆಣೆದುಕೊಳ್ಳುವವರಿದ್ದಾರೆ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದಳು. ಅವ್ವನನ್ನು ಮದುವೆಯಲ್ಲಿ ಕೂರಿಸಿಯೇ ಸೈ ಎಂದು, ಅಲ್ಲಿಯವರೆಗೆ ಕಿತ್ತ ಗುಂಡಿ ಹಚ್ಚದವಳು ಕ್ರೋಶಾ ಕಡ್ಡಿ ಹಿಡಿದಳು.

ಟೋಪಿಯಂತೆ ಎಲ್ಲ ಕಡೆ ಒಂದೇ ಸಮ ಉಬ್ಬಿದ್ದ ಮೊದಲನೆಯದನ್ನು ನೋಡಿ ಕೊಟ್ರಬಸಮ್ಮ ಭಾಳ ದಿನದ ಮೇಲೆ ನಕ್ಕಳು. "ಇದೇನಲೇ, ಕೂಸಿನ ಕುಂಚಿಗಿ?"

ಸ್ಫೂರ್ತಿ ಅದನ್ನು ಹಂಪಿಗೆ ಒಯ್ದಳು. ವಿದೇಶಿಯರಿಗೆ ಕ್ರೋಶಾ ಟೋಪಿ ಹೆಣೆದು ಮಾರುವ ಸುಕನ್ಯಾ ಅಲ್ಲಿದ್ದಳು.

"ಎಲ್ಲಾ ಸಾಲು ತುದೀತನಕ ಯಾಕ ಒಯ್ದಿ? ಕೆಳಗಿಂದ ಹೊರಡು, ನಡುವ ನಿಂದ್ರು. ಒಂದು ಚೈನ್ ಕುಣಿಕಿ ಹಾಕು, ತಿರುಗಿ ವಾಪಸ್ ಬಾ. ಮುಂದಿನ ಸಾಲು ಇನ್ನೊಂಚೂರು ಮೊದಲೇ ತಿರುಗು. ಕೆಳಗ ತುಂಬಿಕೊಂತದ, ಮ್ಯಾಲ ಇಳಿಜಾರು ಉಳೀತದ. ಮೈ ಇರೋದ ಹಂಗ ಅಲ್ಲೇನು?"

ಹೇಳಿದಷ್ಟು ಸುಲಭವೇ? ತಟ್ಟೆಯಲ್ಲಿ ಅನ್ನ, ಅಂಗಳದಲ್ಲಿ ರಂಗೋಲಿ, ಯಾವುದನ್ನೂ ಅರ್ಧಕ್ಕೆ ಬಿಡಬಾರದು ಎಂದು ಬೈಸಿಕೊಂಡು ಬೆಳೆದ ಹುಡುಗಿ. ಮನಸ್ಸು ನಿಲ್ಲು ಎಂದರೂ ಕೈ ತುದಿಗೇ ಓಡುತ್ತಿತ್ತು. ಬಿಚ್ಚುವುದು, ಮತ್ತೆ ಹೆಣೆಯುವುದು. ತಿರುಗುವಾಗ ಚೈನ್ ಮರೆತರೆ ಅಂಚು ಎಳೆದುಕೊಂಡು ಮುದುಡುತ್ತಿತ್ತು. ಒಂದು ದಿನ ಸಿಟ್ಟು ಬಂದು ಎಲ್ಲವನ್ನೂ ಮೂಲೆಗೆಸೆದು ಅತ್ತಳು. ಆಮೇಲೆ ತಾನೇ ಎದ್ದು ಹೆಕ್ಕಿಕೊಂಡಳು.

ಕೊನೆಗೂ ಆಯಿತು. ಬರೀ ಹತ್ತಿ ತುಂಬಿದರೆ ಹಗುರಾಗಿ ಮೇಲೇರುತ್ತದೆಂದು ತಳಕ್ಕೆ ಹಿಡಿ ಅಕ್ಕಿಯ ಚೀಲವನ್ನೂ ಸೇರಿಸಿದಳು.

"ನಿಮ್ಮಪ್ಪನ ಮಿಲ್ಲಿನ ಅಕ್ಕಿ ಏನ? ಮದುವ್ಯಾಗ ಊಟ ಕಡಿಮಿ ಬಿದ್ರ ಬಿಚ್ಚಿ ಕೊಡ್ತೀನಿ ಬಿಡು" ಎಂದಳು ಕೊಟ್ರಬಸಮ್ಮ. ಕನ್ನಡಿಯ ಮುಂದೆ ನಿಂತು ಹೊದ್ದ ಸೆರಗನ್ನು ಮೆಲ್ಲಗೆ ತೆಗೆದಳು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು. "ಎರಡೂ ಕಡೆ ಸಮ ಅದಾವಲ್ಲ?" ಎಂದು ಮತ್ತೆ ಮತ್ತೆ ಕೇಳಿದಳು. ಮದುವೆಗೆಂದು ಹಸಿರು ಇಳಕಲ್ ಸೀರೆ ತೆಗೆದಿಟ್ಟಳು.

ಸೀರೆ ಉಡುವ ಯೋಗ ಬರಲಿಲ್ಲ. ರೋಗ ಒಳಗೊಳಗೇ ಶ್ವಾಸಕೋಶಕ್ಕೆ ಹೋಗಿತ್ತು. ಮದುವೆಗೆ ಇನ್ನೂ ವಾರವಿದೆ ಎನ್ನುವಾಗ ಉಸಿರು ಕಟ್ಟಿತೆಂದು ಆಸ್ಪತ್ರೆಗೆ ಒಯ್ದವರು ಹೆಣ ತಂದರು.

ಮೈ ತೊಳೆಯುವಾಗ ಸ್ಫೂರ್ತಿ ಆ ಹೆಣೆದದ್ದನ್ನು ಹಿಡಿದು ಬಂದಳು.

"ಹುಚ್ಚವ್ವ, ಮಣ್ಣಿಗೆ ಹೋಗೋ ಮೈಗೆ ಇದ್ಯಾಕ?" ಎಂದಳು ಅಕ್ಕನಾಗಮ್ಮ.

"ಮಂದಿ ಬರ್ತಾರ ಚಿಗವ್ವ. ಅವ್ವಗ ನಾಚಿಕಿ ಆಗ್ತದ."

ಅಕ್ಕನಾಗಮ್ಮ ಅದನ್ನು ಇಸಿದುಕೊಂಡು ಎಡಗಡೆಗೆ ಇಟ್ಟಳು. ಅಕ್ಕನ ಕುಪ್ಪಸದ ಹುಕ್ಕುಗಳನ್ನು ತಾನೇ ಹಾಕಿದಳು.

ಅವರ ಪದ್ಧತಿಯಂತೆ ಹಸಿರು ಸೀರೆ ಉಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಮದುವೆಗೆ ಬರಬೇಕಾದ ಬೀಗರು ನೆಂಟರೆಲ್ಲ ಇಲ್ಲಿಗೇ ಬಂದರು. ಅಂದು ನಕ್ಕವಳೂ ಬಂದಳು. ಅವಳೇ ಮುಂದೆ ಬಗ್ಗಿ, ಕೊಟ್ರಬಸಮ್ಮನ ಸೆರಗನ್ನು ಎರಡು ಭುಜಕ್ಕೂ ಎಳೆದು ಹೊದಿಸತೊಡಗಿದಳು.

ಸ್ಫೂರ್ತಿ ಅವಳ ಕೈ ಹಿಡಿದಳು.

"ಹೊದಸಬ್ಯಾಡ್ರಿ. ಎಲ್ಲಾರೂ ನೋಡ್ಲಿ. ನಮ್ಮವ್ವ ಇವತ್ತು ಮಂದ್ಯಾಗ ಕುಂತಾಳ."