ಎರಡು ಗೀರಿನ ಪುಲ್ಲಿ

ನಾನು ಒಂದು ಪುಲ್ಲಿ, ಇಂಜಿನ್ನಿನ ಬೆಲ್ಟು ತಿರುಗಿಸುವ ಗಾಲಿ. ಹುಟ್ಟಿದ್ದೇ ಏಟು ತಿಂದು. ಕಡಲಾಚೆಯ ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಪ್ರೆಸ್ಸಿನ ಕೆಳಗಿಟ್ಟು ಗುದ್ದಿ ಗುದ್ದಿ ನನ್ನನ್ನು ಮಾಡಿದರು. ಆಮೇಲೆ ಅಂಚಿನಲ್ಲಿ ಎರಡು ಗೀರು ಕೊರೆದರು. ನೋವಾಯಿತೇ ಎಂದು ಯಾರೂ ಕೇಳಲಿಲ್ಲ. ಆಮೆಬೆನ್ನಿನ ಪುಟ್ಟ ಕಾರಿನ ಹಿಂಬದಿಯಲ್ಲಿ, ಇಂಜಿನ್ನಿನ ತುದಿಗೆ ನನ್ನನ್ನು ಬಿಗಿದರು. ಆ ಇಂಜಿನ್ನಿಗೆ ನೀರು ಬೇಡ, ಗಾಳಿಯೇ ತಂಪು. ನಾನು ತಿರುಗಿದರೆ ಬೆಲ್ಟು ತಿರುಗುತ್ತದೆ, ಬೆಲ್ಟು ತಿರುಗಿದರೆ ಫ್ಯಾನು. ನನಗೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ?

ಗೀರು ನಮ್ಮ ಕುಲದ ಗುರುತು. ಒಂದು ಗೀರಿನವು, ಎರಡರವು, ಮೂರರವು, ಹೀಗೆ ಒಂದೊಂದು ಕಾಲದ ಇಂಜಿನ್ನಿಗೆ ಒಂದೊಂದು ಬಗೆ. ಇಂಜಿನ್ನಿನೊಳಗೆ ಪೆಟ್ರೋಲು ಹೊತ್ತಿಸುವ ಕಿಡಿ ಯಾವಾಗ ಹಾರಬೇಕೆಂಬುದನ್ನು ಮೆಕ್ಯಾನಿಕ್ ಗೀರು ನೋಡಿಯೇ ಹೊಂದಿಸುತ್ತಾನೆ. ಆದರೆ ಎರಡು ಗೀರಿನ ಪುಲ್ಲಿಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ.

ನನ್ನ ಒಡತಿ ಧಾರವಾಡದ ಡಾಕ್ಟರಮ್ಮ ಎಸ್ತರ್ ಬಾಯಿ. ಅಷ್ಟು ಕೆಳಗೆ ಕೂತ ನನಗೆ ಮನುಷ್ಯರು ಕಾಣುವುದು ಮೊಣಕಾಲಿನವರೆಗೆ ಮಾತ್ರ. ಅವರ ಬಿಳಿ ಕ್ಯಾನ್ವಾಸ್ ಶೂ ನನಗೆ ಬಲು ಇಷ್ಟವಾಗಿತ್ತು. ಹೆರಿಗೆ ಮಾಡಿಸಲು ಅವಸರದಲ್ಲಿ ಹೊರಟ ದಿನ ಲಾರಿಯೊಂದು ಎದುರಿಗೆ ನುಗ್ಗಿತು. ಕಾರಿನ ಮುಂಭಾಗ ಅಪ್ಪಚ್ಚಿಯಾಯಿತು. ಆ ಶೂಗಳನ್ನು ನಾನು ಮತ್ತೆ ನೋಡಲಿಲ್ಲ.

ಜಜ್ಜಿಹೋದ ಕಾರು ಹುಬ್ಬಳ್ಳಿಯ ಗುಜರಿ ಅಂಗಡಿಗೆ ಬಂತು. ಅದರ ಯಜಮಾನ ದಾವಲಸಾಬ ನನ್ನನ್ನು ಸುತ್ತಿಗೆಯಿಂದ ಬಡಿದು ಬಡಿದು ಕಿತ್ತ. ಅವನದೊಂದು ಪದ್ಧತಿಯಿತ್ತು. ಯಾವ ಗಾಡಿ ಬಿಚ್ಚಿದರೂ ಅದರ ಎಲ್ಲ ಭಾಗಗಳಿಗೂ ಒಂದೇ ಗುರುತು ಹೊಡೆಯುವುದು. ಹೊರಗೆ ಹೊಡೆದರೆ ಗಿರಾಕಿ ಮೂಗು ಮುರಿಯುತ್ತಾನೆಂದು ಒಳಮೈಗೇ ಹೊಡೆಯುತ್ತಿದ್ದ. ಡಾಕ್ಟರಮ್ಮನ ಗಾಡಿಗೆ ಮೂರು ಚುಕ್ಕಿ. ನನ್ನ ಬೆನ್ನಿಗೂ ಬಿತ್ತು, ಅಂಗಳದಲ್ಲಿ ಬಿದ್ದಿದ್ದ ಅದರ ಬಾಗಿಲಿಗೂ ಬಿತ್ತು.

ಒಂದು ಮಧ್ಯಾಹ್ನ ಅರಳೆ ವ್ಯಾಪಾರಿ ಚಂಬಣ್ಣ ಇಬ್ಬರು ಆಳುಗಳೊಡನೆ ನುಗ್ಗಿದ. ಅವನದೂ ಆಮೆಬೆನ್ನಿನ ಕಾರು, ಅದು ಕಳುವಾಗಿತ್ತು. ಅವನ ಪುಲ್ಲಿಗೂ ಎರಡು ಗೀರು. ಪುಲ್ಲಿಯ ವಿದ್ಯೆಯಲ್ಲಿ ಅವನು ಕಲಿತದ್ದು ಅಷ್ಟೇ.

“ಎರಡ ಗೀರ ಅದಾವ, ನೋಡ್ರಲೇ! ಇದು ನನ್ನ ಗಾಡಿದ!” ಎಂದು ನನ್ನನ್ನು ಎತ್ತಿಕೊಂಡ. “ಕಳ್ಳ, ಎಲ್ಲಿ ಬಿಚ್ಚಿ ಮಾರೀದಿ ಗಾಡಿ?”

“ಅಲ್ಲರೀ ಸಾವಕಾರ್ರ, ಹಿಂದ ತಿರುವಿ ನೋಡ್ರಿ!” ಎಂದ ದಾವಲಸಾಬ.

ಕೆನ್ನೆಗೆ ಬಿತ್ತು. ಆಳುಗಳು ಅವನನ್ನು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದರು. ಬಾಯಿಂದ ರಕ್ತ ಬಂದರೂ ಅವನು ಒಂದೇ ಮಾತು ಹೇಳುತ್ತಿದ್ದ: “ತಿರುವಿ ನೋಡ್ರಿ.” ಅವನ ಬಲಗೈಯನ್ನು ಎಳೆದು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ ಒತ್ತಿ ಹಿಡಿದರು. ಊರಿನ ಅರ್ಧದಷ್ಟು ಹಳೇ ಗಾಡಿಗಳನ್ನು ರಿಪೇರಿ ಮಾಡಿ ಓಡುವಂತೆ ಮಾಡುತ್ತಿದ್ದ ಕೈ ಅದು. ಚಂಬಣ್ಣ ನನ್ನನ್ನು ಎರಡೂ ಕೈಯಲ್ಲಿ ಎತ್ತಿದ. ನಾನು ಬೇಡ ಬೇಡ ಎಂದು ಕೂಗಿದೆ. ಕಬ್ಬಿಣದ ಕೂಗು ಯಾರಿಗೆ ಕೇಳುತ್ತದೆ? ಮೂಳೆ ಪುಡಿಯಾದದ್ದು ನನ್ನ ಅಂಚಿಗೇ ತಿಳಿಯಿತು. ಅವನು ಇನ್ನೊಮ್ಮೆ ಎತ್ತಿದ, ಇನ್ನೊಮ್ಮೆ ಹೊಡೆದ.

ಗಂಡನ ಚೀರಾಟ ಕೇಳಿ ಮಾಬೂಬಿ ಓಡಿಬಂದಳು. ನನ್ನನ್ನು ಕಸಿದುಕೊಂಡು ಮಗುಚಿ ಮೂರು ಚುಕ್ಕಿ ತೋರಿಸಿದಳು. ಅಂಗಳದ ಬಾಗಿಲನ್ನು ಎಳೆತಂದು ಅದರ ಚುಕ್ಕಿಯನ್ನೂ ತೋರಿಸಿದಳು. “ಡಾಕ್ಟರಮ್ಮನ ಗಾಡಿರೀ ಇದು! ಇಡೀ ಓಣಿಗೇ ಗೊತ್ತೈತಿ!”

ಚಂಬಣ್ಣ ಎರಡನ್ನೂ ನೋಡಿದ. ನಾಚಿಕೊಂಡಾನು ಎಂದು ನಾನು ಕಾದೆ.

“ಹಂಗಾದ್ರ ನಂದ ಎಲ್ಲೈತಿ?” ಎಂದವನೇ ಪಕ್ಕದ ಅಂಗಡಿಗೆ ನುಗ್ಗಿದ. ಅಲ್ಲಿಂದಲೂ ಕಿರುಚಾಟ ಕೇಳಿಸಿತು.

ಆ ಕೈ ಮತ್ತೆ ಸ್ಪ್ಯಾನರ್ ಹಿಡಿಯಲಿಲ್ಲ. ದಾವಲಸಾಬ ಎಡಗೈಯಲ್ಲಿ ತಿಣುಕಾಡಿ ಕೆಲಸ ಮಾಡುತ್ತಾನೆ. ನನ್ನನ್ನು ಅಂಗಡಿಯ ಬಾಗಿಲಲ್ಲಿ ಬೆನ್ನು ಹೊರಗಾಗಿ, ಮೂರು ಚುಕ್ಕಿ ಕಾಣುವಂತೆ ಮೊಳೆಗೆ ತೂಗುಹಾಕಿದ್ದಾನೆ.

ವರ್ಷಗಳಾದ ಮೇಲೆ ಚಂಬಣ್ಣನ ಕಾರು ಪಾಳು ಬಾವಿಯೊಂದರಲ್ಲಿ ಸಿಕ್ಕಿತಂತೆ. ಅದಕ್ಕೆ ಪುಲ್ಲಿ ಇರಲಿಲ್ಲ. ಊರೆಲ್ಲ ಹುಡುಕಿ ಕೊನೆಗೆ ಅವನು ಇಲ್ಲಿಗೇ ಬಂದ. ಮೊಳೆಯ ಮೇಲಿದ್ದ ನನ್ನನ್ನು ಕಂಡು, ಚುಕ್ಕಿಗಳನ್ನು ಗಮನಿಸದೆ, “ಎರಡ ಗೀರಿಂದ ಏನೋ ಅದು? ಕೊಡೋ,” ಎಂದ.

ದಾವಲಸಾಬ ಎಡಗೈಯಿಂದ ನನ್ನನ್ನು ಇಳಿಸಿ, ಗೀರಿನ ಮುಖ ಮೇಲೆ ಮಾಡಿ ಅವನ ಕೈಗಿಟ್ಟ. “ತಿರುವಿ ನೋಡ್ರಿ, ಸಾವಕಾರ್ರ.”

ಚಂಬಣ್ಣ ತಿರುವಿದ. ಮೂರು ಚುಕ್ಕಿ ಕಂಡಿತು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದ. ತಲೆ ಎತ್ತಿದರೆ ಎದುರಿಗೆ ಸೊಟ್ಟ ಬಲಗೈ.

“ಮಾರಾಂಗಿಲ್ರೀ,” ಎಂದು ದಾವಲಸಾಬ ನನ್ನನ್ನು ಕಿತ್ತುಕೊಂಡು ಮೊಳೆಗೆ ಹಾಕಿದ.

ನಾನು ಇನ್ನೂ ಬಹುಕಾಲ ತಿರುಗಬಲ್ಲೆ, ಬೇರಿಂಗಿನಷ್ಟು ನುಣುಪಾಗಿದ್ದೇನೆ. ಆದರೂ ತುಕ್ಕು ಹಿಡಿದು ಈ ಮೊಳೆಯಲ್ಲೇ ಉದುರಿಹೋಗುವುದು ನನಗೆ ಒಪ್ಪಿಗೆ.