ತಲೆಕೆಳಗಾದ ಜೇಬು

ದಪ್ಪ ಬಟ್ಟೆ ಹೊಲಿಯುವವರ ಕಸುಬು ಬೆರಳು ನೋಡಿದರೇ ಗೊತ್ತಾಗುತ್ತದೆ. ಚೀಲದಕ್ಕನ ತೋರುಬೆರಳಿಗೆ ಆ ವರ್ಷವೇ ಎರಡು ಸಲ ಸೂಜಿ ಹೊಕ್ಕಿತ್ತು. ಗುಡಾರದ ಬಟ್ಟೆಯ ಉಳಿಕೆ ತುಂಡು ತಂದು ಅವಳು, ಅವಳ ಅತ್ತೆ, ಪಕ್ಕದ ಮನೆಯ ಅಕ್ಕತಂಗಿಯರಿಬ್ಬರು ಒಂದೇ ಕಿಟಕಿಯ ಕೋಣೆಯಲ್ಲಿ ಹೆಗಲಚೀಲ ಹೊಲಿಯುತ್ತಿದ್ದರು. ಆ ಕೋಣೆಯಲ್ಲಿ ಗಾಳಿಗೆ ಜಾಗವಿರಲಿಲ್ಲ. ನಗುವಿಗೆ ಮಾತ್ರ ಬರವಿರಲಿಲ್ಲ.

ಅದಕ್ಕೆ ಅತ್ತೆಯೇ ಕಾರಣ. "ಅಂಗಡಿಯಂತೆ ಅಂಗಡಿ! ಬಾಗಿಲಿಲ್ಲ, ಬೀಗ ಇಲ್ಲ. ಅಂಗೈಯಗಲದ ಫೋನು. ಉಜ್ಜಿ ಉಜ್ಜಿ ಅದರ ಗಾಜೇ ಸವೆದುಹೋಗತ್ತೆ ಕಣೇ" ಎಂದು ಸೊಸೆಯನ್ನು ಕೆಣಕುತ್ತಿದ್ದಳು.

ಫೋನಿನಲ್ಲಿದ್ದ ಆ ಅಂಗಡಿ ಹೊಸ ಕಂಪನಿಯೊಂದು ನಡೆಸುತ್ತಿದ್ದ ಸಂತೆಯೊಳಗಿತ್ತು. ಚೀಲದ ಫೋಟೋ ಹಾಕಿದರೆ ಎಲ್ಲೆಲ್ಲಿಯವರೋ ನೋಡಿ ಕೊಳ್ಳುತ್ತಿದ್ದರು. ಎರಡು ಮನೆಯ ಒಲೆ ಅದರಿಂದಲೇ ಉರಿಯುತ್ತಿತ್ತು. ಒಂದು ದಿನ ಕಂಪನಿಯವನೊಬ್ಬ ತಾನಾಗಿ ಬಂದ. ಕುತ್ತಿಗೆಗೆ ಟೈ ಕಟ್ಟಿದ್ದ. ಅತ್ತೆ ನಿಂತ ನಿಲುವಿನಲ್ಲೇ ಟೈಯಪ್ಪ ಎಂದು ಹೆಸರಿಟ್ಟಳು.

"ಅಕ್ಕ, ಚೀಲ ಬೊಂಬಾಟಾಗಿದೆ! ಒಂದು ಸ್ಯಾಂಪಲ್ ಹೊಲ್ಕೊಡಿ, ಎಲ್ಲಕ್ಕಿಂತ ಮೇಲೆ ಹಾಕ್ತೀವಿ. ಹಾಗೇ ಇಲ್ಲಿ 'ಒಪ್ಪಿಗೆ' ಅಂತ ಒತ್ತಿಬಿಡಿ. ನಾವೆಲ್ಲ ಒಂದೇ ಮನೆಯವರಲ್ವಾ?"

"ಇಷ್ಟುದ್ದ ಏನೋ ಬರೆದಿದೆಯಲ್ಲಪ್ಪ?"

"ಅದನ್ನ ನಾನೇ ಓದಿಲ್ಲ ಅಕ್ಕ!"

ಚೀಲದಕ್ಕ ಒತ್ತಿದಳು. ಓದು ಬರುತ್ತಿತ್ತು, ಬಿಡುವಿರಲಿಲ್ಲ.

ಅವನು ಫೋನು ಬಂತೆಂದು ಹೊರಗೆ ಹೋದದ್ದೇ ತಡ, ಅತ್ತೆ ಅಳತೆಪಟ್ಟಿಯನ್ನು ಟೈ ಮಾಡಿ ಕಟ್ಟಿಕೊಂಡಳು. "ಒತ್ತಿ ಅಕ್ಕ, ಒತ್ತಿ! ಒಂದೇ ಮನೆಯವರು, ಆದ್ರೆ ಊಟ ನಿಮ್ಮನೇಲಿ!" ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡರು. ನಕ್ಕು ನಕ್ಕು ಚೀಲದಕ್ಕನ ಕಣ್ಣಲ್ಲಿ ನೀರು. ಆ ನೀರುಗಣ್ಣಲ್ಲೇ ಸ್ಯಾಂಪಲ್ ಚೀಲದ ಒಳಬಟ್ಟೆಯನ್ನು ತಲೆಕೆಳಗೆ ಮಾಡಿ ಹೊಲಿದುಬಿಟ್ಟಳು. ಒಳಜೇಬಿನ ಬಾಯಿ ನೆಲ ನೋಡುತ್ತಿತ್ತು. ಅವಳಿಗೆ ಗೊತ್ತಾಗುವಷ್ಟರಲ್ಲಿ ಟೈಯಪ್ಪ ಚೀಲ ಕಸಿದುಕೊಂಡು ಕಾರು ಹತ್ತಿದ್ದ.

"ಅಣ್ಣಾ, ಜೇಬು ಉಲ್ಟಾ ಆಗಿದೆ! ಬಿಚ್ಚಿ ಹೊಲ್ಕೊಡ್ತೀನಿ!"

"ಪರವಾಗಿಲ್ಲ ಅಕ್ಕ, ಫೋಟೋದಲ್ಲಿ ಒಳಗಡೆ ಕಾಣಲ್ಲ!"

ಮೂರು ತಿಂಗಳಾಯಿತು. ಒಂದು ಬೆಳಗ್ಗೆ ಅಂಗಡಿ ತೆರೆಯಲಿಲ್ಲ. ಬದಲಿಗೆ ನೋಟೀಸು ಬಂತು: ಈ ಚೀಲ ಕಂಪನಿಯು ನೋಂದಾಯಿಸಿದ ಡಿಸೈನು, ನೀವು ಅದನ್ನು ನಕಲು ಮಾಡಿ ಮಾರಿದ್ದೀರಿ, ನಿಮ್ಮ ಅಂಗಡಿ ಮುಚ್ಚಲಾಗಿದೆ. ಹೆತ್ತವಳ ಮೇಲೆ ಕೂಸು ಕದ್ದ ಆರೋಪ ಬಂದಂತಾಯಿತು. ಚೀಲದಕ್ಕ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಅದೇ ವಾರ ಯಾರೋ ಒಬ್ಬಾಕೆ ರಿಪೇರಿಗೆಂದು ಕಂಪನಿಯ ಚೀಲ ತಂದಳು. "ಏನಿಟ್ರೂ ಬಿದ್ದೋಗತ್ತೆ ಕಣ್ರೀ."

ಚೀಲದಕ್ಕ ಒಳಗೆ ಕೈ ಹಾಕಿದಳು. ಜೇಬಿನ ಬಾಯಿ ಕೆಳಗಿತ್ತು. ಅವಳು ನಕ್ಕಳು ನೋಡಿ, ನಗುತ್ತ ನಗುತ್ತ ನೆಲದ ಮೇಲೇ ಕೂತಳು. ಮಾರನೆಯ ದಿನವೇ ಸರ್ಕಾರಿ ಕಚೇರಿಗೆ ಹೋಗಿ ಕಂಪನಿಯ ಮೇಲೆ ದೂರು ಕೊಟ್ಟಳು.

ವಿಚಾರಣೆಗೆ ಟೈಯಪ್ಪ ಒಬ್ಬ ಸಾಕ್ಷಿಯನ್ನು ಕರೆತಂದಿದ್ದ. ಕಂಪನಿಯ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸು. ಅವಳ ತೋರುಬೆರಳಿನಲ್ಲೂ ಸೂಜಿಯ ಗಾಯವಿತ್ತು.

"ಈ ಡಿಸೈನು ನಿಮ್ಮದೇ ಏನಮ್ಮಾ?" ಅಧಿಕಾರಿ ಕೇಳಿದರು.

"ಹೂಂ ಸಾರ್." ಹೇಳಿಕೊಟ್ಟ ಮಾತು.

ಚೀಲದಕ್ಕ ರಿಪೇರಿಗೆ ಬಂದಿದ್ದ ಚೀಲ ಹಿಡಿದು ಎದ್ದಳು. "ತಾಯೀ, ನಿನ್ ಮೇಲೆ ಸಿಟ್ಟಿಲ್ಲ. ಜೇಬಿನ ಬಾಯಿ ಯಾಕವ್ವಾ ಕೆಳಗಿಟ್ಟೆ?"

ಅಧಿಕಾರಿ ನಂಬಲಿಲ್ಲ. ತಮ್ಮ ಕನ್ನಡಕವನ್ನು ಜೇಬಿಗೆ ತುರುಕಿ ಚೀಲ ಎತ್ತಿ ಅಲ್ಲಾಡಿಸಿದರು. ಕನ್ನಡಕ ಚೀಲದ ತಳಕ್ಕೆ ಟಪ್ಪೆಂದು ಬಿತ್ತು.

"ಅದು ಬೇಕಂತಲೇ ಮಾಡಿದ್ದು ಸಾರ್!" ಟೈಯಪ್ಪ ಬೆವರುತ್ತ ಹೇಳಿದ. "ಕಳ್ಳರ ಕೈಗೆ ಸಿಗಬಾರದು ಅಂತ!"

"ಯಜಮಾನರ ಕೈಗೂ ಸಿಗಲ್ಲವಲ್ಲಪ್ಪ!" ಹಿಂದಿನ ಬೆಂಚಿನಿಂದ ಅತ್ತೆ ಕೂಗಿದಳು.

ಸಾಕ್ಷಿಯ ತುಟಿ ಅದುರಿತು. ಸೆರಗು ಕಚ್ಚಿಕೊಂಡಳು. ತಡೆಯಲಾಗಲಿಲ್ಲ, ಕಿಸಕ್ಕೆಂದಳು. ಆಮೇಲೆ ನಗುತ್ತಲೇ ಅಳತೊಡಗಿದಳು.

"ನಾನಲ್ಲ ಸಾರ್. ಹೊಟ್ಟೆಪಾಡಿಗೆ ಹೂಂ ಅಂದೆ. ಮೊದಲ ದಿನವೇ ಹೇಳಿದ್ವಿ, ಜೇಬು ತಪ್ಪಾಗಿದೆ ಅಂತ. ಸ್ಯಾಂಪಲ್ ಹೇಗಿದೆಯೋ ಹಾಗೇ ಹೊಲಿ, ತಲೆ ಓಡಿಸಬೇಡ ಅಂದ್ರು. ಅರವತ್ತು ಜನ ತಪ್ಪು ಅಂತ ಗೊತ್ತಿದ್ದೂ ಹೊಲಿದ್ವಿ. ಯಾವ ಹೊಲಿಗೆಯವಳು ಇದು ನಂದು ಅಂತಾಳೆ ಸಾರ್?"

"ನಾನು ಕದ್ದವಳಾದ್ರೆ," ಚೀಲದಕ್ಕ ಮೆಲ್ಲಗೆ ಕೇಳಿದಳು, "ನನ್ನ ತಪ್ಪು ಇವರ ಚೀಲದೊಳಗೆ ಹೇಗೆ ಬಂತು ಸಾರ್?"

ಟೈಯಪ್ಪ ಕಾಗದ ಮುಂದಿಟ್ಟ. "ಒಪ್ಪಿಗೆ ಒತ್ತಿದ್ದಾರೆ ಸಾರ್. ಕಲಂ ನಲವತ್ತೊಂದು. ಕೊಟ್ಟ ಸ್ಯಾಂಪಲ್ಲು ಕಂಪನಿಯ ಸ್ವತ್ತು."

ಅಧಿಕಾರಿ ಕಾಗದ ನೋಡಿದರು, ಚೀಲ ನೋಡಿದರು, ಕೊನೆಗೆ ಗೋಡೆಯ ಗಡಿಯಾರ ನೋಡಿದರು. "ಒಂದು ತಿಂಗಳು ಬಿಟ್ಟು ಬನ್ನಿ. ಅಲ್ಲೀತನಕ ಅಂಗಡಿ ಮುಚ್ಚಿರಲಿ."

ಮೆಟ್ಟಿಲಿಳಿಯುವ ಮೊದಲೇ ಸಾಕ್ಷಿಯ ಕೆಲಸ ಹೋಯಿತು. ಅತ್ತೆ ಅವಳ ರಟ್ಟೆ ಹಿಡಿದಳು. "ನಡಿಯೇ, ನಮ್ಮಲ್ಲೂ ಕೆಲಸವಿಲ್ಲ. ಐದು ಜನ ಸೇರಿ ಇಲ್ಲ ಅನ್ನೋಣ."

ಆ ತಿಂಗಳೆಲ್ಲ ಸಾಕ್ಷಿಯ ಹೆಂಗಸು ಕಾರ್ಖಾನೆಯ ಗೇಟಿನ ಬಳಿ ಹಳೆಯ ಗೆಳತಿಯರಿಗೆ ಟೈಯಪ್ಪನ ಕಥೆ ಹೇಳಿದಳು. ಹೇಳಿದ ಕಡೆಯೆಲ್ಲ ನಗು. ನಗು ಮುಗಿದ ಮೇಲೆ ಯಾರೋ ಒಬ್ಬಳು, "ನಾವೂ ಬರ್ತೀವಿ. ಒಬ್ಬಳನ್ನ ತೆಗೆದ್ರು ಸರಿ, ಎಲ್ಲರನ್ನೂ ತೆಗೆದ್ರೆ ಹೊಲಿಯೋರ್ಯಾರು, ಟೈಯಪ್ಪನಾ?" ಎಂದಳು.

ವಿಚಾರಣೆಯ ದಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಹೆಗಲಲ್ಲೂ ಅದೇ ಉಲ್ಟಾ ಜೇಬಿನ ಒಂದೊಂದು ಚೀಲ.

"ಯಾರಮ್ಮಾ ನೀವೆಲ್ಲ?" ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದು ಕೇಳಿದರು.

"ಸಾಕ್ಷಿಗಳು ಸಾರ್," ಎಂದು ಆ ಹೆಂಗಸು ಎಲ್ಲರಿಗಿಂತ ಮುಂದೆ ಬಂದಳು. "ಅಕ್ಕನ ಅಂಗಡಿ ತೆರೆಸಿ. ಅಲ್ಲೀತನಕ ಇಲ್ಲೇ ಕೂತಿರ್ತೀವಿ."

ಅಷ್ಟೂ ಜನ ನಗುತ್ತಲೇ ನೆಲದ ಮೇಲೆ ಕೂತರು. ಟೈಯಪ್ಪ ಬಾಗಿಲು ಹುಡುಕತೊಡಗಿದ. ಅಧಿಕಾರಿ ಮೊದಲು ತಮ್ಮ ಕನ್ನಡಕವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು.